ಕೊಂಡವನ ಸ್ವತ್ತೋ, ಪ್ರೀತಿಸಿದವರ ಸ್ವತ್ತೋ?

ಭಾನುವಾರ ಬೆಳಗಿನ ಪೂಜೆ ಮುಗಿದು ಜನರು ಚದುರುವ ಹೊತ್ತಿಗೆ, ದೇವಾಲಯದ ಅಂಗಳದ ಮರದ ಕೆಳಗೆ ಯುವಕರ ಗುಂಪೊಂದು ನಿಲ್ಲುವುದು ವಾಡಿಕೆ. ಅವರ ಮಾತು ಹೆಚ್ಚಾಗಿ ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಕಂಡ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯದ ಕುರಿತಾಗಿರುತ್ತದೆ. ಒಮ್ಮೆ ಅವರಲ್ಲೊಬ್ಬ ಬಹಳ ಬೇಸರದಿಂದ, "ಫಾದರ್, ನಮ್ಮ ಕ್ಲಬ್ಬನ್ನು ಅದರ ಮಾಲೀಕರೇ ಸಾಲದಲ್ಲಿ ಮುಳುಗಿಸಿಬಿಟ್ಟರು" ಎಂದ. ಆತನ ಮಾತಿನಲ್ಲಿದ್ದ 'ನಮ್ಮ' ಎಂಬ ಪದ ನನ್ನನ್ನು ತಡೆದು ನಿಲ್ಲಿಸಿತು. ಆ ಊರನ್ನು ಆತ ಕಂಡವನಲ್ಲ. ಕ್ಲಬ್ಬಿನ ಒಂದು ಷೇರೂ ಆತನ ಹೆಸರಿನಲ್ಲಿಲ್ಲ. ಕಾನೂನಿನ ಕಣ್ಣಿಗೆ ಆತ ಯಾರೂ ಅಲ್ಲ. ಆದರೂ ಆತನ ನೋವು ನಿಜವಾದದ್ದೇ ಆಗಿತ್ತು.

ಪ್ರಿಯ ಓದುಗರೇ, ಆಟದ ವಿಷಯವೆಂದು ಈ ಪುಟವನ್ನು ಮಗುಚಿಬಿಡಬೇಡಿ. ಆ ಯುವಕನ ಮಾತಿನ ಹಿಂದೆ ಹಳೆಯದೂ ಗಹನವೂ ಆದ ಪ್ರಶ್ನೆಯೊಂದಿದೆ. ಒಂದು ವಸ್ತು ಯಾರದು? ಹಣ ತೆತ್ತು ಕೊಂಡವನದೋ, ಅಥವಾ ತಲೆಮಾರುಗಳಿಂದ ಅದನ್ನು ಪ್ರೀತಿಸಿ, ಪೋಷಿಸಿ, ಅದಕ್ಕೊಂದು ಬೆಲೆ ಬರುವಂತೆ ಮಾಡಿದವರದೋ? ಕೊಂಡವನು 'ಇದು ನನ್ನದು, ನನ್ನ ಮನಸ್ಸಿಗೆ ಬಂದಂತೆ ಮಾಡುತ್ತೇನೆ' ಎನ್ನುವಾಗ, ಪ್ರೀತಿಸಿದವರಿಗೆ ಹೇಳಲು ಏನಾದರೂ ಉಳಿದಿದೆಯೇ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಮ್ಯಾಂಚೆಸ್ಟರ್ ನಗರದ ಸಮೀಪ, ಬರಿ ಎಂಬ ಊರಿದೆ. 1885ರಲ್ಲಿ ಅಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬು ಹುಟ್ಟಿತು. ಗಿಗ್ ಲೇನ್ ಎಂಬುದು ಅದರ ಮೈದಾನ. 1900ರಲ್ಲಿಯೂ 1903ರಲ್ಲಿಯೂ ಅದು ಎಫ್.ಎ. ಕಪ್ ಗೆದ್ದುಕೊಂಡಿತು. 1903ರ ಅಂತಿಮ ಪಂದ್ಯದಲ್ಲಿ ಡರ್ಬಿ ಕೌಂಟಿ ತಂಡವನ್ನು ಅದು ಸೋಲಿಸಿದ್ದು 6-0 ಗೋಲುಗಳಿಂದ. ಆಮೇಲಿನ ದಿನಗಳಲ್ಲಿ ಅಂಥ ವೈಭವ ಮರಳಿ ಬರಲಿಲ್ಲ. ಆದರೂ ಗಿರಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಶನಿವಾರದ ಮಧ್ಯಾಹ್ನ ಗಿಗ್ ಲೇನಿಗೆ ಹೋಗುವುದನ್ನು ಬಿಡಲಿಲ್ಲ. ಅಜ್ಜ ಕುಳಿತ ಕಡೆಯೇ ಮೊಮ್ಮಗ ಕುಳಿತ.

ಇಂಥ ಕ್ಲಬ್ಬು 2010ರ ದಶಕದಲ್ಲಿ ತನ್ನ ಆದಾಯಕ್ಕೆ ಮೀರಿ ಖರ್ಚು ಮಾಡತೊಡಗಿತು. ಮೈದಾನವನ್ನು ಅಡವಿಟ್ಟು ಸಾಲ ತರಲಾಯಿತು. ಕೊನೆಗೆ 2018ರ ಡಿಸೆಂಬರಿನಲ್ಲಿ ಅದು ಹೊಸ ಮಾಲೀಕರ ಕೈಸೇರಿತು. ಕೊಟ್ಟ ಬೆಲೆ ಕೇವಲ 1 ಪೌಂಡ್! ಕೊಳ್ಳುವ ಮೊದಲು ಈ ಊರಿನಲ್ಲಿ ಇಂಥದೊಂದು ತಂಡವಿದೆ ಎಂಬುದೇ ತಮಗೆ ತಿಳಿದಿರಲಿಲ್ಲವೆಂದು ಆ ಮಾಲೀಕರು ಬಹಿರಂಗವಾಗಿಯೇ ಹೇಳಿಕೊಂಡರು. ಆಟಗಾರರಿಗೂ ನೌಕರರಿಗೂ ಸಂಬಳ ಸರಿಯಾಗಿ ಬರಲಿಲ್ಲ. ಆದರೂ ಆ ಆಟಗಾರರು 2019ರ ವಸಂತದಲ್ಲಿ ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು. ಆ ಮೇಲಿನ ದರ್ಜೆಯಲ್ಲಿ ತಂಡ ಒಂದು ಪಂದ್ಯವನ್ನೂ ಆಡಲಿಲ್ಲ. ಲೀಗಿನ ಖರ್ಚನ್ನು ಭರಿಸುವ ಶಕ್ತಿ ತಮಗಿದೆ ಎಂಬುದಕ್ಕೆ ಮಾಲೀಕರು ಆಧಾರ ಒದಗಿಸದ ಕಾರಣ, 2019ರ ಆಗಸ್ಟ್ 27ರಂದು ಬರಿ ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು. 1894ರಿಂದ 125 ವರ್ಷಗಳ ಕಾಲ ಲೀಗಿನಲ್ಲಿದ್ದ ಹೆಸರು ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು.

ಆ ದಿನದ ಎರಡು ಚಿತ್ರಗಳು ನನ್ನ ಮನಸ್ಸಿನಿಂದ ಮಾಸುವುದಿಲ್ಲ. ಕ್ಲಬ್ಬು ಉಳಿದೀತು, ಶನಿವಾರ ಪಂದ್ಯ ನಡೆದೀತು ಎಂಬ ಆಸೆಯಿಂದ ಊರಿನ ನೂರಾರು ಜನ ಬೆಳಿಗ್ಗೆಯೇ ಪೊರಕೆ, ಬಕೆಟ್ಟು ಹಿಡಿದು ಗಿಗ್ ಲೇನಿಗೆ ಬಂದರು. ಆಸನಗಳನ್ನು ಒರೆಸಿದರು, ಕಳೆ ಕಿತ್ತರು. ಅವರ ಕೆಲಸ ಮುಗಿದ ರಾತ್ರಿಯೇ ಹೊರಹಾಕಿದ ಸುದ್ದಿ ಬಂತು. ಅದೇ ದಿನಗಳಲ್ಲಿ ಕ್ಲಬ್ಬಿನ ಮಾಜಿ ನಿರ್ದೇಶಕಿಯೊಬ್ಬರು ತಮ್ಮ ಕೈಗೆ ಬೇಡಿ ತೊಡಿಸಿಕೊಂಡು ಮೈದಾನದ ನೀರಿನ ಕೊಳವೆಗೆ ತಮ್ಮನ್ನೇ ಬಿಗಿದುಕೊಂಡು ಪ್ರತಿಭಟಿಸಿದರು. ಆ ಮೈದಾನದ ಒಂದು ಪಾರ್ಶ್ವಕ್ಕೆ ಇಟ್ಟಿರುವ ಹೆಸರು ಅವರ ತಂದೆಯದು. ಆ ತಂದೆ ತಮ್ಮ ದುಡಿಮೆಯ ಬದುಕನ್ನೆಲ್ಲ ಆ ಕ್ಲಬ್ಬಿಗೆ ಕೊಟ್ಟವರು. ಒಂದು ಪೌಂಡ್ ಕೊಟ್ಟವರು ಮಾಲೀಕರು. ಬದುಕನ್ನೇ ಕೊಟ್ಟವರ ಮಗಳು ಗೋಡೆಗೆ ಕಟ್ಟಿಕೊಂಡು ನಿಲ್ಲಬೇಕಾದ ಹೊರಗಿನವಳು. ಕಾನೂನಿನ ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ನ್ಯಾಯದ ಲೆಕ್ಕ ಇಲ್ಲಿ ಎಲ್ಲೋ ತಪ್ಪಿದೆ ಎಂದು ನಿಮಗೆ ಅನಿಸುವುದಿಲ್ಲವೇ?

ಎಲ್ಲಿ ತಪ್ಪಿದೆ ಎಂದು ವಿಚಾರಿಸೋಣ. ಖಾಸಗಿ ಆಸ್ತಿಯ ಹಕ್ಕು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆವರು ಸುರಿಸಿ ಮನೆ ಕಟ್ಟಿಕೊಂಡವನಿಗೆ ಆ ಮನೆಯ ಮೇಲೆ ಹಕ್ಕಿರಲೇಬೇಕು. ಆದರೆ ಎಲ್ಲ ಸ್ವತ್ತುಗಳೂ ಒಂದೇ ಬಗೆಯವಲ್ಲ. ನನ್ನ ಕೈಯಲ್ಲಿರುವ ಲೇಖನಿಯ ಬೆಲೆ ಅದರೊಳಗೇ ಇದೆ. ಫುಟ್‌ಬಾಲ್ ಕ್ಲಬ್ಬಿನ ಬೆಲೆ ಎಲ್ಲಿದೆ? ಹುಲ್ಲಿನಲ್ಲಿದೆಯೇ, ಗೋಲಿನ ಕಂಬಗಳಲ್ಲಿದೆಯೇ? ಆಟಗಾರರೂ ಬಂದು ಹೋಗುವವರು. ವಾರ ವಾರವೂ ಬಂದು ಕೂಗುವ, ಹಾಡುವ, ಸೋತಾಗಲೂ ಮರಳಿ ಬರುವ ಜನರನ್ನು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಒಂದು ಬಯಲು ಮತ್ತು ಒಂದಿಷ್ಟು ಕಬ್ಬಿಣ ಮಾತ್ರ.

ಇದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು 1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥೋಡಿಸ್ಟ್ ದೇವಾಲಯದ ಹುಡುಗರಿಂದ ಆರಂಭವಾಯಿತು. ಕೆಲವು ವರ್ಷಗಳ ನಂತರ ಅದು ಆಡುತ್ತಿದ್ದುದು ಆನ್‌ಫೀಲ್ಡ್ ಎಂಬ ಮೈದಾನದಲ್ಲಿ. ಅದರ ಒಡೆಯ ಜಾನ್ ಹೌಲ್ಡಿಂಗ್ ಎಂಬ ಮದ್ಯ ತಯಾರಕ. ಬಾಡಿಗೆಯ ವಿಷಯದಲ್ಲಿ ಜಗಳ ಬೆಳೆದು 1892ರಲ್ಲಿ ಸದಸ್ಯರು ಮೈದಾನವನ್ನೇ ತೊರೆದು ಗುಡಿಸನ್ ಪಾರ್ಕಿಗೆ ನಡೆದರು. ಎವರ್ಟನ್ ಎಂಬ ಹೆಸರೂ ಅವರ ಸಂಗಡವೇ ಹೋಯಿತು. ಹೌಲ್ಡಿಂಗ್‌ನ ಬಳಿ ಮೈದಾನ ಉಳಿಯಿತು, ಆಡಲು ತಂಡವೇ ಇರಲಿಲ್ಲ! ಆತ ಹೊಸ ತಂಡವೊಂದನ್ನು ಕಟ್ಟಬೇಕಾಯಿತು. ಅದೇ ಇಂದು ಲೋಕಪ್ರಸಿದ್ಧವಾದ ಲಿವರ್‌ಪೂಲ್ ಕ್ಲಬ್ಬು. ಭೂಮಿಯ ಪತ್ರ ಆತನ ಪೆಟ್ಟಿಗೆಯಲ್ಲಿತ್ತು, ಕ್ಲಬ್ಬು ಮಾತ್ರ ಕಾಲ್ನಡಿಗೆಯಲ್ಲಿ ಹೊರಟುಹೋಗಿತ್ತು.

ಇಂದು ಅಷ್ಟು ಸುಲಭವಾಗಿ ಹೊರನಡೆಯಲು ಆಗುವುದಿಲ್ಲ ಎಂಬುದೇ ಅಭಿಮಾನಿಗಳ ಸಂಕಟ. ಅಂಗಡಿಯ ಅಕ್ಕಿ ಚೆನ್ನಾಗಿಲ್ಲದಿದ್ದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ಆ ಹೆದರಿಕೆಯೇ ವ್ಯಾಪಾರಿಯನ್ನು ನೆಟ್ಟಗಿಡುತ್ತದೆ. ಆದರೆ ಬರಿ ಊರಿನವನು ತನ್ನ ಕ್ಲಬ್ಬು ಹಾಳಾಯಿತೆಂದು ಪಕ್ಕದ ಬೋಲ್ಟನ್ ಊರಿನ ಕ್ಲಬ್ಬಿಗೆ ಜೈಕಾರ ಹಾಕುವುದಿಲ್ಲ. ತಾಯಿ ಕಾಯಿಲೆ ಬಿದ್ದಳೆಂದು ನೆರೆಮನೆಯವಳನ್ನು ತಾಯಿ ಎನ್ನಲಾದೀತೇ? ಈ ನಿಷ್ಠೆ ಸದ್ಗುಣ. ಆದರೆ ಇದೇ ಸದ್ಗುಣವನ್ನು ದುರಾಸೆಯ ಮಾಲೀಕ ಮೇವಾಗಿ ಮಾಡಿಕೊಳ್ಳಬಲ್ಲ. 'ಏನು ಮಾಡಿದರೂ ಇವರು ಬಿಟ್ಟು ಹೋಗುವವರಲ್ಲ' ಎಂಬ ಧೈರ್ಯದಿಂದಲೇ ಆತ ಟಿಕೆಟ್ಟಿನ ಬೆಲೆ ಏರಿಸುತ್ತಾನೆ, ಸಾಲ ಹೇರುತ್ತಾನೆ. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಗ್ಲೇಜರ್ ಕುಟುಂಬ ಕೊಂಡಾಗ, ಕೊಳ್ಳಲು ತಂದ ಸಾಲದ ದೊಡ್ಡ ಪಾಲು, ಅದುವರೆಗೆ ಸಾಲವಿಲ್ಲದಿದ್ದ ಆ ಕ್ಲಬ್ಬಿನ ತಲೆಯ ಮೇಲೆಯೇ ಕುಳಿತಿತು. ಎತ್ತನ್ನು ಕೊಳ್ಳಲು ಮಾಡಿದ ಸಾಲವನ್ನು ಆ ಎತ್ತೇ ದುಡಿದು ತೀರಿಸಬೇಕೆಂಬಂತೆ! ಒಂದು ಗುಂಪು ಬೇಸತ್ತು ಅದೇ ವರ್ಷ ಎಫ್.ಸಿ. ಯುನೈಟೆಡ್ ಎಂಬ ತಮ್ಮದೇ ಸಣ್ಣ ಕ್ಲಬ್ಬನ್ನು ಕಟ್ಟಿಕೊಂಡಿತು. ಉಳಿದವರು ನೋವು ನುಂಗಿಕೊಂಡು ಹಳೆಯ ಮೈದಾನಕ್ಕೇ ಹೋದರು. ಯಾರು ಸರಿ ಎಂದು ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಎರಡೂ ಪ್ರೀತಿಯೇ.

ಆದರೆ ಪ್ರೀತಿಯ ಹೆಸರಿನಲ್ಲಿ ಎಲ್ಲವನ್ನೂ ಸಹಿಸುವುದು ಮಾತ್ರ ಪ್ರೀತಿಯ ಲಕ್ಷಣವಲ್ಲ. 1867ರಲ್ಲಿ ಸ್ಥಾಪನೆಯಾದ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನಲ್ಲಿ 2025ರಲ್ಲಿ ಆಟಗಾರರ ಸಂಬಳ ಮತ್ತೆ ಮತ್ತೆ ತಡವಾದಾಗ, ಅಕ್ಟೋಬರಿನ ಒಂದು ಪಂದ್ಯಕ್ಕೆ ಅಭಿಮಾನಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಾರದೆ ಉಳಿದರು. ಬರಿದಾದ ಆಸನಗಳೇ ಅವರ ಮಾತಾದವು. ಕೆಲವೇ ದಿನಗಳಲ್ಲಿ ಕ್ಲಬ್ಬಿನ ಆಡಳಿತ ಮಾಲೀಕರಿಂದ ತಪ್ಪಿ, ಸಾಲದ ಕಂಪನಿಗಳನ್ನು ನೋಡಿಕೊಳ್ಳುವ ಅಧಿಕಾರಿಗಳ ಕೈಗೆ ಹೋಯಿತು. ತಂಡಕ್ಕೆ 12 ಅಂಕಗಳ ದಂಡವೂ ಬಿತ್ತು. ಆಗ ದೂರವಿದ್ದ ಅದೇ ಜನ ಟಿಕೆಟ್ಟಿಗಾಗಿ, ಕ್ಲಬ್ಬಿನ ಅಂಗಿಗಳಿಗಾಗಿ ಸಾಲುಗಟ್ಟಿ ನಿಂತು ತಮ್ಮ ಹಣ ಸುರಿದರು. ದೂರ ಉಳಿದದ್ದು ದ್ವೇಷದಿಂದಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕೇ?

ಇಲ್ಲಿಯವರೆಗೆ ನಾವು ಮಾಲೀಕರನ್ನು ಕಟಕಟೆಯಲ್ಲಿ ನಿಲ್ಲಿಸಿದೆವು. ಇದು ಸುಲಭದ ಕೆಲಸ. ಪ್ರಾಮಾಣಿಕರಾಗಿದ್ದರೆ ಅಭಿಮಾನಿಯೂ ಅದೇ ಕಟಕಟೆಯನ್ನು ಹತ್ತಬೇಕಾಗುತ್ತದೆ.

ಪೋರ್ಟ್ಸ್‌ಮತ್ ಎಂಬ ಬಂದರಿನ ಕ್ಲಬ್ಬು 2008ರ ಮೇ ತಿಂಗಳಿನಲ್ಲಿ ಎಫ್.ಎ. ಕಪ್ ಗೆದ್ದಿತು. ಊರಿಗೆ ಊರೇ ಬೀದಿಯಲ್ಲಿ ಕುಣಿಯಿತು. ದುಬಾರಿ ಆಟಗಾರರು ಒಬ್ಬರ ಹಿಂದೊಬ್ಬರಂತೆ ಬಂದಾಗ, 'ಇವರಿಗೆ ಕೊಡುವ ಹಣ ಎಲ್ಲಿಂದ ಬರುತ್ತಿದೆ?' ಎಂದು ಎಷ್ಟು ಜನ ಕೇಳಿದರು? ಎರಡು ವರ್ಷ ತುಂಬುವ ಮೊದಲೇ, 2010ರ ಫೆಬ್ರವರಿಯಲ್ಲಿ, ಆ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು. ಪ್ರೀಮಿಯರ್ ಲೀಗಿನಲ್ಲಿರುವಾಗಲೇ ಆ ಗತಿಗೆ ಬಂದ ಮೊದಲ ಕ್ಲಬ್ಬು ಅದು. ಸಾಲ 10 ಕೋಟಿ ಪೌಂಡಿಗೂ ಮೀರಿತ್ತು. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ಸರ್ಕಾರದ ತೆರಿಗೆ ಇಲಾಖೆಯಿತ್ತು, ಊರಿನ ಸಣ್ಣ ವ್ಯಾಪಾರಿಗಳಿದ್ದರು. ಪಂದ್ಯದ ದಿನ ಪ್ರಥಮ ಚಿಕಿತ್ಸೆ ನೀಡುತ್ತಿದ್ದ ಸೇಂಟ್ ಜಾನ್ ಆಂಬ್ಯುಲೆನ್ಸ್ ಎಂಬ ಸೇವಾಸಂಸ್ಥೆಯೂ ಇತ್ತು. ಅಲ್ಲಿನ ಫುಟ್‌ಬಾಲಿನ ನಿಯಮದಂತೆ ಇತರ ಕ್ಲಬ್ಬುಗಳ ಮತ್ತು ಆಟಗಾರರ ಬಾಕಿ ಪೂರ್ತಿ ತೀರಬೇಕು. ಆಧಾರವಿಲ್ಲದೆ ಸಾಲ ಕೊಟ್ಟ ಉಳಿದವರಿಗೆ ಅಂದು ಒಪ್ಪಂದವಾದದ್ದು ಪ್ರತಿ ಪೌಂಡಿಗೆ 20 ಪೆನ್ಸ್, ಅಂದರೆ ಐದರಲ್ಲೊಂದು ಪಾಲು. ಕೋಟಿಗಟ್ಟಲೆ ಸಂಬಳದ ಆಟಗಾರನಿಗೆ ಪೂರ್ತಿ, ಗಾಯಕ್ಕೆ ಪಟ್ಟಿ ಕಟ್ಟಿದವರಿಗೆ ಐದರಲ್ಲೊಂದು!

ಓದುಗರೇ, ಆ ಕಪ್ಪಿನಲ್ಲಿ ಕುಡಿದ ಸಂತೋಷಕ್ಕೆ ನಿಜವಾಗಿ ಹಣ ತೆತ್ತವರು ಯಾರು? ಮಾಲೀಕನ ದುರಾಸೆ ಒಂಟಿಯಾಗಿ ಬೆಳೆಯುವುದಿಲ್ಲ. ಗೆಲ್ಲಲೇಬೇಕೆಂಬ ನಮ್ಮ ಹಸಿವು ಅದಕ್ಕೆ ನೀರೆರೆಯುತ್ತದೆ. ಲೆಕ್ಕ ನೋಡಿ ಖರ್ಚು ಮಾಡುವ ಮಾಲೀಕನನ್ನು ಜಿಪುಣನೆಂದು ಜರೆದು, ಸಾಲ ತಂದು ಆಟಗಾರರನ್ನು ಕೊಳ್ಳುವವನನ್ನು ಹೆಗಲ ಮೇಲೆ ಹೊತ್ತು ಮೆರೆಸುವವರೂ ನಾವೇ. ಮನೆಯ ಮದುವೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ನಾಲ್ಕು ಜನ ಹೊಗಳಲಿ ಎಂದು ಸಾಲ ಮಾಡಿ ಚಪ್ಪರ ಹಾಕುತ್ತೇವೆ. ಹೊಗಳಿದವರು ಉಂಡು ಹೋದ ಮೇಲೆ ಚಪ್ಪರದವನ ಬಾಕಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ 'ಇದು ನಮ್ಮದು' ಎನ್ನುವ ಹಕ್ಕಿನ ಜೊತೆಗೆ ಒಂದು ಕರ್ತವ್ಯವೂ ಅಂಟಿಕೊಂಡಿದೆ. ನಮ್ಮದಾದರೆ ಅದರ ಲೆಕ್ಕವನ್ನು ಕೇಳುವ ಹೊಣೆಯೂ ನಮ್ಮದೇ. ಅದನ್ನು ಕೇಳಬೇಕಾದದ್ದು ಸೋತು ಮುಳುಗುವಾಗಲಲ್ಲ, ಗೆದ್ದು ಕುಣಿಯುವಾಗ.

ಹಾಗಾದರೆ ಅಭಿಮಾನಿಗಳ ಕೈಗೇ ಕ್ಲಬ್ಬನ್ನು ಒಪ್ಪಿಸಿದರೆ ಎಲ್ಲವೂ ಸರಿಹೋದೀತೇ? ಜರ್ಮನಿಯಲ್ಲಿ 1998ರಲ್ಲಿ ಕ್ಲಬ್ಬುಗಳು ತಮ್ಮ ತಂಡಗಳನ್ನು ಕಂಪನಿಗಳಾಗಿಸಲು ಅವಕಾಶ ಕೊಟ್ಟಾಗಲೇ, ಮತದ ಬಹುಪಾಲು ಸದಸ್ಯರ ಬಳಿಯೇ ಉಳಿಯಬೇಕೆಂಬ ನಿಯಮವನ್ನೂ ಮಾಡಿದರು. ಕೆಲವು ವಿನಾಯಿತಿಗಳಿದ್ದರೂ ಅದು ಒಳ್ಳೆಯ ಬೇಲಿ. ಆದರೂ ಅದೇ ನಿಯಮದಡಿಯಲ್ಲಿದ್ದ ಬೊರುಸಿಯಾ ಡಾರ್ಟ್‌ಮಂಡ್ ಕ್ಲಬ್ಬು 2005ರಲ್ಲಿ ದಿವಾಳಿಯ ಬಾಗಿಲಿನವರೆಗೆ ಹೋಗಿ ಬಂತು. ಪೋರ್ಟ್ಸ್‌ಮತ್ ಕ್ಲಬ್ಬನ್ನು 2013ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿ ಕೊಂಡರು. ಸಾಲ ತೀರಿಸಿದರು, ಮಾನ ಉಳಿಸಿದರು. ಆದರೆ 2017ರಲ್ಲಿ, ಹಳೆಯ ಮೈದಾನವನ್ನು ಸರಿಪಡಿಸುವಷ್ಟು ಬಂಡವಾಳ ತಮ್ಮಲ್ಲಿಲ್ಲವೆಂದು ಅರಿತು, ತಾವೇ ಮತ ಹಾಕಿ ಅದನ್ನು ಶ್ರೀಮಂತರೊಬ್ಬರ ಕುಟುಂಬಕ್ಕೆ ಒಪ್ಪಿಸಿದರು. ಅದು ಸೋಲೆಂದು ನನಗೆ ತೋರುವುದಿಲ್ಲ. ತಮ್ಮ ಶಕ್ತಿಯ ಮಿತಿಯನ್ನು ತಿಳಿದು, ಬರುವವನ ಗುಣವನ್ನು ವಿಚಾರಿಸಿ, ಕಣ್ಣು ತೆರೆದು ಕೊಡುವುದೂ ಒಳ್ಳೆಯ ಒಡೆತನದ ಒಂದು ರೂಪವೇ.

ಕಾನೂನೂ ಈಗ ಎಚ್ಚೆತ್ತಿದೆ. ಬರಿ ಊರಿನ ದುರಂತ, 2021ರ ಏಪ್ರಿಲಿನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ಲೀಗನ್ನು ಮಾಡಿಕೊಳ್ಳಲು ಹೊರಟು ಜನರ ಸಿಟ್ಟಿಗೆ ಎರಡು ಮೂರು ದಿನಗಳಲ್ಲೇ ಹಿಂದೆ ಸರಿದ ಪ್ರಸಂಗ, ಇವೆಲ್ಲವುಗಳ ಫಲವಾಗಿ ಬ್ರಿಟಿಷ್ ಸಂಸತ್ತು 2025ರಲ್ಲಿ ಫುಟ್‌ಬಾಲ್ ಆಡಳಿತದ ಕಾಯಿದೆಯೊಂದನ್ನು ಮಾಡಿತು. ಅದರಂತೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಮೇಲಿನ ಐದು ದರ್ಜೆಗಳ ಕ್ಲಬ್ಬುಗಳಿಗೆ ಪರವಾನಗಿ ಕೊಡುತ್ತದೆ, ಕೊಳ್ಳಲು ಬರುವವರ ಯೋಗ್ಯತೆಯನ್ನು ಪರೀಕ್ಷಿಸುತ್ತದೆ. ಲಾಂಛನ, ಬಣ್ಣಗಳಂಥ ಪರಂಪರೆಯ ಗುರುತುಗಳನ್ನು ಅಭಿಮಾನಿಗಳ ಅಭಿಪ್ರಾಯವನ್ನು ಕಡೆಗಣಿಸಿ ಬದಲಿಸುವಂತಿಲ್ಲ. ಷೇರು ಪತ್ರದಲ್ಲಿ ಬರೆಯದ ಹಕ್ಕೂ ಒಂದಿದೆ ಎಂಬುದನ್ನು ಕಾನೂನು ತಡವಾಗಿಯಾದರೂ ಒಪ್ಪಿಕೊಂಡಿದೆ.

ಇಷ್ಟನ್ನು ಬರೆದು ಮುಗಿಸಿದರೆ ಗುರುವಾದ ನನ್ನ ಮಾತು ಅರ್ಧವಾಗುತ್ತದೆ. ಏಕೆಂದರೆ ಈ ಕ್ಲಬ್ಬುಗಳಲ್ಲಿ ಅನೇಕವು ಹುಟ್ಟಿದ್ದು ದೇವಾಲಯಗಳ ಅಂಗಳದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸೆಲ್ಟಿಕ್ ಕ್ಲಬ್ಬನ್ನು 1887ರಲ್ಲಿ ಸೇಂಟ್ ಮೇರಿ ಧರ್ಮಕೇಂದ್ರದ ಸಭಾಂಗಣದಲ್ಲಿ ಸ್ಥಾಪಿಸಿದವರು ಬ್ರದರ್ ವಾಲ್‌ಫ್ರಿಡ್ ಎಂಬ ಮಾರಿಸ್ಟ್ ಸಭೆಯ ಐರಿಷ್ ಸಹೋದರರು. ಪೂರ್ವ ಗ್ಲಾಸ್ಗೊದ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸುವುದು ಅವರ ಉದ್ದೇಶ. ಆಟ ಹಸಿದವರಿಗಾಗಿ ಹುಟ್ಟಿತು. ಹತ್ತೇ ವರ್ಷಗಳಲ್ಲಿ, 1897ರಲ್ಲಿ, ಅದು ಷೇರುದಾರರ ಕಂಪನಿಯಾಯಿತು.

ಇನ್ನೊಂದು ಕಥೆ ನಮ್ಮಂಥವರ ಕಿವಿ ಹಿಂಡುತ್ತದೆ. ಬರಿ ಊರಿನ ನೆರೆಯ ಬೋಲ್ಟನ್ ಕ್ಲಬ್ಬು 1874ರಲ್ಲಿ ಕ್ರೈಸ್ಟ್ ಚರ್ಚ್ ಎಂಬ ದೇವಾಲಯದ ಭಾನುವಾರದ ಶಾಲೆಯ ತಂಡವಾಗಿ ಆರಂಭವಾಯಿತು. ಮೂರು ವರ್ಷಗಳ ನಂತರ, ದೇವಾಲಯದ ಕಟ್ಟಡವನ್ನು ಬಳಸುವ ವಿಷಯದಲ್ಲಿ ಅಲ್ಲಿನ ಪಾದ್ರಿಯವರೊಡನೆ ಭಿನ್ನಾಭಿಪ್ರಾಯ ಬಂದು ಹುಡುಗರು ಹೊರಟುಹೋದರು. ತಮಗೆ 'ವಾಂಡರರ್ಸ್', ಅಂದರೆ ಅಲೆಮಾರಿಗಳು, ಎಂದು ಹೆಸರಿಟ್ಟುಕೊಂಡರು. ಆ ಪಾದ್ರಿಯವರು ದುಷ್ಟರಾಗಿದ್ದರೆಂದು ನಾನು ಎಣಿಸುವುದಿಲ್ಲ. 'ಕಟ್ಟಡ ನನ್ನ ವಶದಲ್ಲಿದೆ, ಆದ್ದರಿಂದ ತೀರ್ಮಾನವೂ ನನ್ನದೇ' ಎಂದು ಅವರಿಗೆ ಅನಿಸಿರಬಹುದು. ನಾನೂ ಹಾಗೆ ನುಡಿದದ್ದುಂಟು. ಧರ್ಮಕೇಂದ್ರವೊಂದರಲ್ಲಿ, ಸಭಾಂಗಣದ ಬೀಗದ ಕೈ ನನ್ನ ಜೇಬಿನಲ್ಲಿದ್ದುದನ್ನೇ ಒಡೆತನವೆಂದು ಭ್ರಮಿಸಿ, ಯುವಕರ ಕೂಟವೊಂದನ್ನು ಒಂದೇ ಮಾತಿನಲ್ಲಿ ನಿಲ್ಲಿಸಿಬಿಟ್ಟಿದ್ದೆ. ಆ ಸಭಾಂಗಣಕ್ಕೆ ಕಲ್ಲು ಹೊತ್ತವರು ಆ ಯುವಕರ ಅಜ್ಜಂದಿರೆಂದು ನನಗೆ ತಿಳಿದದ್ದು ವರ್ಷಗಳ ನಂತರ, ವೃದ್ಧರೊಬ್ಬರ ಅಂತ್ಯಸಂಸ್ಕಾರದ ದಿನ. ಕ್ಷಮೆ ಕೇಳಲು ಹೋದಾಗ ಆ ಯುವಕರಲ್ಲಿ ಹಲವರು ಊರಿನಲ್ಲಿರಲಿಲ್ಲ.

ಕೈಯಲ್ಲಿರುವುದೆಲ್ಲವೂ ನಮ್ಮ ವಶಕ್ಕೆ ಬಂದದ್ದು, ನಮ್ಮಿಂದ ಹುಟ್ಟಿದ್ದಲ್ಲ. ಶುಭಸಂದೇಶದ ಮನೆವಾರ್ತೆಯವನಿಗೆ ಒಡೆಯನು ಕೇಳಿದ್ದು ಲೆಕ್ಕವನ್ನು. ತಂದೆಯಿಂದ ಬಂದ ಹೊಲ, ಹಿರಿಯರು ಕಟ್ಟಿದ ಶಾಲೆ, ಸಂಘದ ನಿಧಿ, ದೇವಾಲಯದ ಸಭಾಂಗಣ, ಇವುಗಳಲ್ಲಿ ಒಂದಾದರೂ ನಿಮ್ಮ ಹೆಸರಿನಲ್ಲಿಯೋ ನಿಮ್ಮ ಸಹಿಯಲ್ಲಿಯೋ ಇರಬಹುದು. ಅದಕ್ಕೆ ಕೈಹಚ್ಚುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದಕ್ಕೆ ಬೆಲೆ ತಂದುಕೊಟ್ಟವರು ಯಾರು? ನನ್ನ ತೀರ್ಮಾನದ ನೋವನ್ನು ಉಣ್ಣುವವರು ಯಾರು? ನಾನು ಹೋದ ಮೇಲೆ ಇದು ಯಾರ ಕೈಗೆ, ಯಾವ ಸ್ಥಿತಿಯಲ್ಲಿ ಸೇರಬೇಕು?

ಬರಿ ಊರಿನ ಕಥೆ 2019ರ ಆ ರಾತ್ರಿಗೆ ಮುಗಿಯಲಿಲ್ಲ. ಅಭಿಮಾನಿಗಳಲ್ಲಿ ಒಂದು ಗುಂಪು ಬರಿ ಎ.ಎಫ್.ಸಿ. ಎಂಬ ಹೊಸ ಕ್ಲಬ್ಬು ಕಟ್ಟಿ, ನೆರೆಯ ರಾಡ್‌ಕ್ಲಿಫ್ ಊರಿನ ಮೈದಾನದಲ್ಲಿ, ಬಹಳ ಕೆಳಗಿನ ದರ್ಜೆಯಲ್ಲಿ ಆಡಿತು. ಇನ್ನೊಂದು ಗುಂಪು ಹಳೆಯ ಮೈದಾನವನ್ನು ಬಿಡಿಸಿಕೊಳ್ಳಲು ಶ್ರಮಿಸಿತು. ಸರ್ಕಾರದ ನಿಧಿಯಿಂದ ಬಂದ 10 ಲಕ್ಷ ಪೌಂಡ್ ಮತ್ತು ದಾನಿಗಳ ನೆರವಿನಿಂದ 2022ರಲ್ಲಿ ಗಿಗ್ ಲೇನ್ ಊರಿನವರ ಕೈಗೆ ಮರಳಿತು. ಆದರೆ ಎರಡು ಗುಂಪುಗಳು ಒಂದಾಗಬೇಕೆಂಬ ಮತದಾನ ಅದೇ ವರ್ಷ ಬಿದ್ದುಹೋಯಿತು. ಒಂದೇ ಪ್ರೀತಿಯವರ ನಡುವೆಯೂ ಗೋಡೆ ಎದ್ದಿತ್ತು. 2023ರಲ್ಲಿ ಮತ್ತೆ ಮತ ಹಾಕಿ ಒಂದಾದರು. ಆ ವರ್ಷವೇ ಬರಿ ಎಂಬ ಹಳೆಯ ಹೆಸರಿನ ತಂಡ, ಇಂಗ್ಲೆಂಡಿನ ಒಂಬತ್ತನೆಯ ದರ್ಜೆಯಲ್ಲಿ, ಗಿಗ್ ಲೇನಿನ ಹುಲ್ಲಿನ ಮೇಲೆ ಮತ್ತೆ ಓಡಿತು.

ಅಂಗಳದ ಆ ಯುವಕನಿಗೆ ಅಂದು ಉತ್ತರ ಕೊಡಲು ನನಗಾಗಲಿಲ್ಲ. ಮುಂದಿನ ಭಾನುವಾರ ಆತನಿಗೆ ಈ ಕಥೆಯನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಫಾದರ್, ಒಂಬತ್ತನೆಯ ದರ್ಜೆಯಲ್ಲಿದ್ದರೂ ಅದು ಅವರದೇ, ಅಲ್ಲವೇ?" ಎಂದ. ಹೌದೆಂದೆ. ಆಮೇಲೆ ನಮ್ಮ ಸಭಾಂಗಣದ ಬೀಗದ ಕೈಯನ್ನು ಆತನ ಕೈಗಿತ್ತು, ಸಂಜೆಯ ಯುವಕರ ಸಭೆಗೆ ಬಾಗಿಲು ತೆರೆಯುವ, ಮುಚ್ಚುವ, ಗುಡಿಸುವ ಹೊಣೆ ಇನ್ನು ಮುಂದೆ ನಿಮ್ಮದು ಎಂದು ಹೇಳಿದೆ.